ಹಲಗೆಯ ಮೇಲಿನ ನಂಬರು

ಸೋಪಣ್ಣನಿಗೆ ಓದಲು ಬರುವುದಿಲ್ಲ ಎಂಬುದು ಲೋಕದಲ್ಲಿ ಒಬ್ಬಳಿಗೇ ಗೊತ್ತಿತ್ತು. ಅವನ ಹೆಂಡತಿಗೆ. ಮದುವೆಯಾದ ಹೊಸತರಲ್ಲಿ ಒಂದು ಔಷಧಿ ಚೀಟಿಯನ್ನು ಅವಳ ಕೈಗೆ ಕೊಟ್ಟು, "ಏನು ಬರೆದಿದ್ದಾರೆ ನೋಡು, ನನ್ನ ಕಣ್ಣು ಉರೀತಿದೆ" ಅಂದಿದ್ದ. ಅವಳು ಓದಿ ಹೇಳಿದಳು. ಅಂದಿನಿಂದ ಮನೆಗೆ ಯಾವ ಕಾಗದ ಬಂದರೂ ಅವನು ಕೇಳುವ ಮೊದಲೇ, ತನ್ನಷ್ಟಕ್ಕೆ ಓದಿಕೊಳ್ಳುವವಳ ಹಾಗೆ, ಗಟ್ಟಿಯಾಗಿ ಓದತೊಡಗಿದಳು. ಇಪ್ಪತ್ತೊಂದು ವರ್ಷ ಓದಿದಳು. ಕಣ್ಣುರಿ ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಅವನು ಅಡುಗೆ ಗ್ಯಾಸಿನ ಸಿಲಿಂಡರು ತುಂಬಿದ ಲಾರಿ ಓಡಿಸುತ್ತಿದ್ದ. ಅಂಥ ಲಾರಿಗೆ ಬರೀ ಲೈಸೆನ್ಸ್ ಸಾಲದು. ಅಪಾಯದ ಸರಕು ಸಾಗಿಸಬಹುದು ಎಂಬ ಇನ್ನೊಂದು ಮೊಹರು ಅದರ ಮೇಲೆ ಬೀಳಬೇಕು. ಆ ಮೊಹರಿಗೆ ಎರಡು ಷರತ್ತು. ಡ್ರೈವರಿಗೆ ಓದು ಬರಹ ಬರಬೇಕು. ವರ್ಷಕ್ಕೊಮ್ಮೆ ಮೂರು ದಿನ ತರಬೇತಿಗೆ ಕೂರಬೇಕು.

ಮೊದಲನೆಯದನ್ನು ಅವನು ಕೈಯ ಬಲದಿಂದ ದಾಟಿದ್ದ. ಅವನ ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದವನು. ಅಪ್ಪನಿಗೂ ಓದು ಬರುತ್ತಿರಲಿಲ್ಲ. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ಹಲಗೆಯ ಮೇಲೆ ದೊಡ್ಡದು ಮಾಡುವುದಷ್ಟೇ ಕೆಲಸ. ಮಗನೂ ಹಾಗೇ ಕಲಿತ. ಒಂದು ಅಕ್ಷರ ಮಂಡಿ ಮಡಿಸಿ ಕೂತ ಹೆಂಗಸು, ಇನ್ನೊಂದು ಬಾಗಿಲ ಚಿಲಕ. ಹತ್ತೊಂಬತ್ತು ವರ್ಷದ ಹಿಂದೆ ಲೈಸೆನ್ಸ್ ಆಫೀಸಿನಲ್ಲಿ ಅಧಿಕಾರಿ ಒಂದು ಅಚ್ಚಿನ ಹಾಳೆ ಕೊಟ್ಟು, "ಇದನ್ನ ನೋಡ್ಕೊಂಡು ಬರಿ" ಎಂದಿದ್ದ. ಸೋಪಣ್ಣ ಬರೆದ. ಗೆರೆ ತಪ್ಪಲಿಲ್ಲ, ತಲೆಕಟ್ಟು ತಪ್ಪಲಿಲ್ಲ. ಅಧಿಕಾರಿ ಹಾಳೆಯನ್ನು ಮೇಲೆತ್ತಿ ಪಕ್ಕದವನಿಗೆ ತೋರಿಸಿದ. "ನೋಡಯ್ಯ, ಡ್ರೈವರ್ ಅಕ್ಷರ. ನನ್ನ ಮಗನೂ ಬರೀತಾನೆ, ಕೋಳಿ ಕೆದರಿದ ಹಾಗೆ." ಓದಿಸಲಿಲ್ಲ. ಮೊಹರು ಬಿತ್ತು. ಸೋಪಣ್ಣ ಹೊರಗೆ ಬಂದು ಗೋಡೆ ಹಿಡಿದು ನಿಂತ.

ಅಂಕಿ ಮಾತ್ರ ಅವನಿಗೆ ಬರುತ್ತಿತ್ತು. ಮೈಲಿಗಲ್ಲು, ಫೋನು, ಸಿಲಿಂಡರಿನ ತೂಕ. ಅಷ್ಟರಲ್ಲಿ ಬದುಕು ಸಾಗುತ್ತಿತ್ತು.

ಸೋಪಣ್ಣ ಎಂಬ ಹೆಸರು ಗೋದಾಮಿನವರು ಇಟ್ಟದ್ದು. ಸೀಟಿನ ಕೆಳಗೆ ಅವನ ಒಂದು ಬಾಟಲಿ ಇರುತ್ತಿತ್ತು, ಅದರ ತುಂಬ ಸೋಪಿನ ನೀರು. ಜೊತೆಗೆ ಗಡ್ಡ ಬೋಳಿಸುವ ಹಳೆಯ ಬ್ರಷ್ಷು. ಲೋಡಾದ ಮೇಲೆ ಲಾರಿ ಹತ್ತಿ, ಬಗ್ಗಿ, ಒಂದೊಂದು ಸಿಲಿಂಡರಿನ ವಾಲ್ವಿಗೂ ನೊರೆ ಹಚ್ಚುತ್ತಿದ್ದ. ನೊರೆ ಸುಮ್ಮನಿದ್ದರೆ ಸರಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದು ಅರ್ಥ, ಅದನ್ನು ಕೆಳಗಿಳಿಸುತ್ತಿದ್ದ. ಒಂದು ಲೋಡಿಗೆ ಮುನ್ನೂರ ಆರು ಸಿಲಿಂಡರು. ಮುಗಿಸುವಷ್ಟರಲ್ಲಿ ಸೊಂಟ ಮುರಿದುಕೊಂಡಂತೆ ಆಗುತ್ತಿತ್ತು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಒಮ್ಮೆ ಸೈಕಲ್ ಟ್ಯೂಬಿನ ತೂತು ಹುಡುಕುವವನನ್ನು ನೋಡಿ ತಾನೇ ಕಂಡುಕೊಂಡದ್ದು.

"ಎಲ್ರಿಗೂ ಗಡ್ಡ ಬೋಳಿಸಿ ಆಯ್ತಾ?" ಎಂದು ಸೂಪರ್‌ವೈಸರ್ ಕೆಳಗಿನಿಂದ ಕೂಗುತ್ತಿದ್ದ. "ಮುಖಕ್ಕೆ ಪೌಡರ್ ಹಾಕಿ ಹೊರಡು ಮಾರಾಯ, ಹೊತ್ತಾಯ್ತು."

ಸೋಪಣ್ಣನಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತ್ತು. ಗ್ಯಾಸಿನ ಲಾರಿಯ ಹಿಂದೆ, ಪಕ್ಕದಲ್ಲಿ ಒಂದು ಕೆಂಪು ಹಲಗೆ ಇರಲೇಬೇಕು. ಬೆಂಕಿಯ ಚಿತ್ರ, ಒಳಗಿರುವ ಸರಕಿನ ಹೆಸರು, ಅಪಘಾತವಾದರೆ ಕರೆ ಮಾಡಬೇಕಾದ ಫೋನ್ ನಂಬರು. ಅವನ ಕೈ ಚೆನ್ನಾಗಿದೆ ಎಂದು ಐದೂ ಲಾರಿಯ ಹಲಗೆಯನ್ನು ಅವನಿಂದಲೇ ಬರೆಸುತ್ತಿದ್ದರು. ಬಣ್ಣ ಮಾಸಿದ ಹಾಗೆಲ್ಲ ಹೊಸದಾಗಿ ತಿದ್ದುತ್ತಿದ್ದ. ಹಳೆಯ ಲಾರಿಯ ಹಲಗೆ ನೋಡಿಕೊಂಡು ಹೊಸ ಲಾರಿಗೆ ಬರೆಯುತ್ತಿದ್ದ. ನಂಬರಿನ ಕೊನೆಗೆ ಎರಡು ಏಳು. ಆ ಏಳರ ಬಾಗು ಅವನಿಗೆ ಇಷ್ಟ. ರಸ್ತೆಯಲ್ಲಿ ತಡೆದು ತಪಾಸಣೆ ಮಾಡುವವರು ಹಲಗೆ ನೋಡಿ ತಲೆಯಾಡಿಸಿ ಬಿಡುತ್ತಿದ್ದರು.

ಮೊಹರಿನ ಎರಡನೆಯ ಷರತ್ತು ತರಬೇತಿ. ಅದನ್ನು ದಾಟುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ತರಬೇತಿಯೇ ಇರಲಿಲ್ಲ.

ಟೈರ್ ಅಂಗಡಿಯ ಮೇಲೆ ಎರಡು ಕೋಣೆ. ಅದು ತರಬೇತಿ ಶಾಲೆ. ಅದರ ಮಾಲೀಕನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮೊದಲ ದಿನ ಹೋದ ಕೂಡಲೇ ಮೂರೂ ದಿನದ ಹಾಜರಿಗೆ ಒಟ್ಟಿಗೆ ಸಹಿ. ಇಂಗ್ಲಿಷಿನ ಒಂದು ದಪ್ಪ ಪುಸ್ತಕ ಕೊಟ್ಟು, ಕೊಟ್ಟದ್ದಕ್ಕೆ ಇನ್ನೊಂದು ಸಹಿ. ಮೂರನೆಯ ದಿನ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ನಡುವೆ ಇಟ್ಟುಕೊಂಡು ಗುಂಪು ಫೋಟೋ. ಹೋದ ವರ್ಷ ಸೋಪಣ್ಣನ ಭಾವಮೈದ ಅದರ ಪಿನ್ನು ಮುಟ್ಟಿ ಕೇಳಿದ್ದ, "ಇದನ್ನ ಎಳೆಯೋದು ಹೆಂಗೆ ಮೇಷ್ಟ್ರೇ?"

"ಬಿಡಪ್ಪ, ಅದು ಖಾಲಿ. ಫೋಟೋಗೆ ಇಟ್ಟಿರೋದು."

ಇನ್ನು ಹೋದ ವರ್ಷದ ಎರಡನೆಯ ದಿನ. ಮೇಷ್ಟ್ರು ಊರಾಚೆ ಮನೆ ಕಟ್ಟಿಸುತ್ತಿದ್ದರು. ಅಂಗಳಕ್ಕೆ ಹಾಸುವ ಕಲ್ಲು ಬಂದಿತ್ತು. ಲಾರಿ ಗೇಟಿನ ತನಕ ಮಾತ್ರ ಹೋಗುತ್ತಿತ್ತು. ಐದು ಜನ ಡ್ರೈವರುಗಳು ಬಿಸಿಲು ಇಳಿಯುವ ತನಕ ಕಲ್ಲು ಹೊತ್ತರು. ಅಂಚು ಚೂಪಾಗಿತ್ತು. ಭಾವಮೈದ ತನ್ನ ಅಂಗಿ ಬಿಚ್ಚಿ, ಮಡಿಸಿ, ಸೋಪಣ್ಣನ ಹೆಗಲಿಗೆ ಹಾಸಿದ್ದ. "ನಿಮ್ಮ ಹೆಗಲು ಹಳೇದು ಭಾವ, ಸೋರಿಬಿಟ್ಟೀತು" ಎಂದು ನಕ್ಕಿದ್ದ. ಅವನ ಬರಿ ಹೆಗಲು ಸುಲಿದು ರಕ್ತ ಬಂದಿತ್ತು.

ಈ ಭಾವಮೈದ ಏಳು ವರ್ಷದವನಿದ್ದಾಗ ಅಕ್ಕನ ಹಿಂದೆ ಸೋಪಣ್ಣನ ಮನೆಗೆ ಬಂದವನು. ತಾಯಿ ಇರಲಿಲ್ಲ. ಅಲ್ಲೇ ಬೆಳೆದ. ಮಕ್ಕಳಿಲ್ಲದ ಆ ಮನೆಯಲ್ಲಿ ಮಗನೂ ಅವನೇ ಆಗಿದ್ದ. ಲಾರಿ ಕಲಿಸಿದವನು ಸೋಪಣ್ಣ. ಕೆಲಸಕ್ಕೆ ಸೇರಿಸಿದವನೂ ಸೋಪಣ್ಣ.

ತರಬೇತಿಯಾಗಿ ಐದು ತಿಂಗಳಿಗೆ ಅದು ನಡೆಯಿತು.

ಅವತ್ತು ಲೋಡು ತಡವಾಗಿತ್ತು. "ನೀನೂ ಗಡ್ಡ ಬೋಳಿಸೋಕೆ ನಿಂತ್ರೆ ಆಯ್ತು ಕಥೆ, ಹೊರಡು" ಎಂದು ಸೂಪರ್‌ವೈಸರ್ ಭಾವಮೈದನನ್ನು ನೊರೆ ಹಚ್ಚುವ ಮೊದಲೇ ಕಳಿಸಿದ. ನಡುದಾರಿಯಲ್ಲಿ, ಒಂದು ಪೇಟೆ ಬೀದಿಯಲ್ಲಿ, ಅವನ ಮೂಗಿಗೆ ವಾಸನೆ ಬಂತು. ಲಾರಿ ನಿಲ್ಲಿಸಿದ. ಇಳಿದು ಎಲ್ಲರನ್ನೂ ದೂರ ಹೋಗಿ ಎಂದು ಕೂಗಿದ. ಜನ ಹಲಗೆ ನೋಡಿ ಫೋನ್ ಮಾಡಿದರು. ಯಾರೂ ಬರಲಿಲ್ಲ. ಇಪ್ಪತ್ತು ನಿಮಿಷ ಕಾದ. ಆಮೇಲೆ ತಾನೇ ಲಾರಿ ಹತ್ತಿ, ಬುಸುಗುಡುತ್ತಿದ್ದ ಸಿಲಿಂಡರನ್ನು ಹುಡುಕಿ, ಅಪ್ಪಿ ಹಿಡಿದು, ಬೀದಿಯ ಕೊನೆಯ ಖಾಲಿ ಜಾಗಕ್ಕೆ ಓಡಿದ. ದಾರಿಯಲ್ಲಿ ಚಹಾದ ಅಂಗಡಿ. ಒಲೆ ಉರಿಯುತ್ತಿತ್ತು.

ಅಂಗಡಿ ಸುಟ್ಟಿತು. ಅಂಗಡಿಯವನ ಕಾಲು ಸುಟ್ಟಿತು. ಭಾವಮೈದನ ಎರಡೂ ಕೈ, ಎದೆ, ಅರ್ಧ ಮುಖ.

ಆಸ್ಪತ್ರೆಗೆ ಆ ಬೀದಿಯ ಒಬ್ಬ ದರ್ಜಿ ಹೆಂಗಸು ಅವನ ಚಪ್ಪಲಿ ಹಿಡಿದುಕೊಂಡು ಬಂದಳು. ಒದ್ದೆ ಬಟ್ಟೆ ಹೊದಿಸಿ ಬೆಂಕಿ ಆರಿಸಿದವಳು ಅವಳೇ. ಸೋಪಣ್ಣನ ಹೆಂಡತಿಯ ಪಕ್ಕ ಸುಮ್ಮನೆ ಕೂತಿದ್ದು, ಏಳುವಾಗ ಹೇಳಿದಳು, "ಬೋರ್ಡಿನ ನಂಬರಿಗೆ ಏಳು ಸಲ ಮಾಡಿದೆ ಕಣಮ್ಮ. ಚಾಲ್ತಿಯಲ್ಲಿಲ್ಲ, ಚಾಲ್ತಿಯಲ್ಲಿಲ್ಲ ಅಂತ ಒಂದೇ ಸಮ ಹೇಳ್ತಿತ್ತು."

ಸೋಪಣ್ಣ ಜೇಬಿನಿಂದ ಫೋನು ತೆಗೆದ. ಆ ನಂಬರನ್ನು ನೆನಪಿಸಿಕೊಳ್ಳಬೇಕಾಗಿರಲಿಲ್ಲ, ಅದು ಬೆರಳಿನಲ್ಲೇ ಇತ್ತು. ಒತ್ತಿದ. ಕಿವಿಗೆ ಇಟ್ಟುಕೊಂಡ. ಹಾಗೇ ಕೆಳಗೆ ಕೂತ.

ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಬರೆದಿದ್ದ. ಒಂದು ಸಲವೂ ಒತ್ತಿ ನೋಡಿರಲಿಲ್ಲ.

ಮಾರನೆಯ ದಿನ ಸೂಪರ್‌ವೈಸರನ ಮುಂದೆ ನಿಂತ. "ಆ ನಂಬರು ಸತ್ತಿದೆ. ಹೊಸದು ಕೊಡಿ, ಈಗಲೇ ಬರೀತೀನಿ."

"ಹಳೇ ಆಫೀಸಿಂದು ಅದು. ಆಫೀಸು ಬದಲಾಗಿ ಎಂಟು ವರ್ಷ ಆಯ್ತು. ಯಾರೂ ಹೇಳಿಲ್ವಾ ನಿಂಗೆ?"

"ಇಲ್ಲ."

"ಈಗ ಮುಟ್ಟಬೇಡ. ವಿಚಾರಣೆ ನಡೀತಿದೆ. ಈಗ ಬದಲಾಯಿಸಿದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ."

ಲಾರಿಗಳು ಸತ್ತ ನಂಬರು ಹೊತ್ತು ಹೋಗುತ್ತಿದ್ದವು, ಬರುತ್ತಿದ್ದವು.

ವಿಚಾರಣೆ ಭಾವಮೈದನ ಮೇಲೆ. ಸೋರುವ ಸಿಲಿಂಡರನ್ನು ಮುಟ್ಟಬಾರದಿತ್ತು, ಇಂಥ ಕಡೆ ಕರೆ ಮಾಡಬೇಕಿತ್ತು, ಹೀಗೆ ಹೀಗೆ ಮಾಡಬೇಕಿತ್ತು. ಇದನ್ನೆಲ್ಲ ತರಬೇತಿಯ ಎರಡನೆಯ ದಿನ ಕಲಿಸಿದ್ದೇವೆ, ಇಗೋ ಅವನ ಸಹಿ, ಎಂದು ಮೇಷ್ಟ್ರು ಬರೆದು ಕೊಟ್ಟಿದ್ದರು. ಕಲಿತೂ ಮಾಡದಿದ್ದರೆ ಅಜಾಗರೂಕತೆ. ಅಜಾಗರೂಕತೆಗೆ ಜೈಲು. ತರಬೇತಿಯೇ ನಡೆದಿಲ್ಲ ಎಂದಾದರೆ ಮಾತ್ರ ತಪ್ಪು ಬೇರೆಯವರ ತಲೆಗೆ ಹೋಗುತ್ತಿತ್ತು.

ಸೂಪರ್‌ವೈಸರ್ ಒಂದು ಟೈಪು ಮಾಡಿದ ಹಾಳೆ ತಂದ. ಉಳಿದ ನಾಲ್ಕು ಡ್ರೈವರುಗಳ ಹೆಸರು ಅದರಲ್ಲಿತ್ತು. ಮೂರು ಸಹಿ ಆಗಲೇ ಬಿದ್ದಿತ್ತು.

"ತರಬೇತಿ ಮೂರೂ ದಿನ ಕ್ರಮವಾಗಿ ನಡೆದಿದೆ ಅಂತ. ಅಷ್ಟೇ. ನಾಳಿದ್ದು ವಿಚಾರಣೇಲಿ ಕೇಳಿದ್ರೂ ಇದನ್ನೇ ಹೇಳು. ನಿನ್ನ ಮೊಹರಿನ ಗಡುವು ಈ ವಾರಕ್ಕೆ ಮುಗಿಯುತ್ತಲ್ವಾ? ಮೇಷ್ಟ್ರ ಸರ್ಟಿಫಿಕೇಟ್ ಇಲ್ದೆ ಅದು ಬೀಳಲ್ಲ. ಗೊತ್ತಿರಲಿ ಅಂತ ಹೇಳ್ದೆ."

ಸೋಪಣ್ಣ ಹಾಳೆಯನ್ನು ಮಡಿಸಿ ಮನೆಗೆ ತಂದ.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಕೋಣೆಯ ಏಕೈಕ ಮಂಚದ ಮೇಲೆ ಭಾವಮೈದ. ಅವನ ಬೆರಳುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಅಕ್ಕ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದಳು. ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ, ಹಾಗಾಗಿ ತುತ್ತು ಚಿಕ್ಕದು. ಆರು ತಿಂಗಳಿಂದ ಅವಳು ಅವನಿಗೆ ತಿನ್ನಿಸಿ, ತೊಳೆಸಿ, ಒರೆಸಿ, ಆಮೇಲೆ ತಾನು ಉಣ್ಣುತ್ತಿದ್ದಳು. ಅವನಿಗೆ ನಾಚಿಕೆಯಾಗದಿರಲಿ ಎಂದು ಬಟ್ಟೆ ಬದಲಿಸುವಾಗ ಕಿಟಕಿಯ ಕಡೆ ನೋಡುತ್ತ ಬೆಲೆ ಏರಿದ್ದು, ಪಕ್ಕದ ಮನೆಯ ಜಗಳ, ಏನಾದರೂ ಮಾತಾಡುತ್ತಿದ್ದಳು.

ಹಾಳೆಯನ್ನು ಅವಳು ಗಟ್ಟಿಯಾಗಿ ಓದಿದಳು.

"ಹಾಕ್ಬಿಡಿ ಭಾವ" ಎಂದ ಭಾವಮೈದ. "ನಾನಂತೂ ಇನ್ಮೇಲೆ ಯಾವುದಕ್ಕೂ ಸಹಿ ಹಾಕೋ ಹಾಗಿಲ್ಲ, ಬಚಾವಾದೆ. ನಿಮ್ಮ ಕೈ ಉಳೀಲಿ."

"ಹಾಕಿದ್ರೆ ನೀನು ಒಳಗೆ ಹೋಗ್ತೀಯ."

"ಅಲ್ಲಿ ಊಟ ಯಾರು ತಿನ್ನಿಸ್ತಾರೋ ನೋಡೋಣ."

ಅಕ್ಕ ತಟ್ಟೆ ಕೆಳಗಿಟ್ಟಳು. "ಇಬ್ರೂ ನನ್ನ ಮುಖ ನೋಡ್ಬೇಡಿ. ಹಾಕಿದ್ರೆ ಇವನು ಹೋಗ್ತಾನೆ, ಹಾಕ್ದಿದ್ರೆ ಮನೆ ಹೋಗುತ್ತೆ. ನಾನು ಯಾವ ಬಾಯಲ್ಲಿ ಏನು ಹೇಳ್ಲಿ?" ಮತ್ತೆ ತಟ್ಟೆ ಎತ್ತಿಕೊಂಡಳು. ಅನ್ನ ಆರಿತ್ತು.

ಸೋಪಣ್ಣ ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ವಿಚಾರಣೆಗೆ ಹೋದ.

ಉದ್ದನೆಯ ಮೇಜು. ಆ ಕಡೆ ಅಧಿಕಾರಿ. ಬಲಕ್ಕೆ ಮೇಷ್ಟ್ರು, ಸೂಪರ್‌ವೈಸರ್, ಕುರ್ಚಿಗಳಲ್ಲಿ. ಡ್ರೈವರುಗಳು ಗೋಡೆಗೆ ನಿಂತಿದ್ದರು. ಮೂಲೆಯಲ್ಲಿ ಹೇಳಿಕೆ ಟೈಪು ಮಾಡುವ ಹೆಂಗಸು. ಒಂದೂವರೆ ಗಂಟೆಯಿಂದ ನಿಂತ ಸೋಪಣ್ಣ ಸೊಂಟ ಒತ್ತಿಕೊಳ್ಳುವುದನ್ನು ಅವಳು ನೋಡಿದಳು. ಎದ್ದು, ತನ್ನ ಕೈಚೀಲ ಇಟ್ಟಿದ್ದ ಸ್ಟೂಲನ್ನು ಖಾಲಿ ಮಾಡಿ ಅವನ ಕಡೆ ತಳ್ಳಿದಳು. ಅವನು ಕೂರಲಿಲ್ಲ, ಆದರೆ ಅದರ ಮೇಲೆ ಕೈ ಊರಿದ.

"ತರಬೇತಿ ನಡೀತಾ?" ಎಂದ ಅಧಿಕಾರಿ, ತಲೆ ಎತ್ತದೆ. ಮೂರು ಜನ ಆಗಲೇ ಹೌದು ಎಂದಿದ್ದರು.

"ಇಲ್ಲ ಸಾರ್."

ತಲೆ ಮೇಲೆ ಬಂತು. "ನಿಮ್ಮ ಸಹಿ ಇದೆಯಲ್ಲ."

"ಸಹಿ ನಂದೇ. ತರಬೇತಿ ನಡೆದಿಲ್ಲ."

"ಎರಡನೇ ದಿನ ಏನು ಮಾಡಿದ್ರಿ ಹಾಗಾದ್ರೆ?"

"ಕಲ್ಲು ಹೊತ್ವಿ. ಇವರ ಮನೆ ಅಂಗಳಕ್ಕೆ."

ಗೋಡೆಗೆ ನಿಂತವರಲ್ಲಿ ಒಬ್ಬ ನೆಲ ನೋಡಿದ. ಇನ್ನೊಬ್ಬ ತನ್ನ ಹೆಗಲು ಮುಟ್ಟಿಕೊಂಡ, ತನಗೇ ಗೊತ್ತಿಲ್ಲದೆ.

ಮೇಷ್ಟ್ರು ನಕ್ಕರು. ಸಿಟ್ಟಿರಲಿಲ್ಲ, ಮಕ್ಕಳ ಮಾತಿಗೆ ನಕ್ಕ ಹಾಗೆ. "ಸಾರ್, ಪ್ರಾಯೋಗಿಕ ಕೆಲಸ ಅಂತ ಇರುತ್ತೆ, ಭಾರ ಎತ್ತೋದು, ಇಳಿಸೋದು. ಪಾಠ ಎಲ್ಲ ಪುಸ್ತಕದಲ್ಲಿದೆ. ಪ್ರತಿಯೊಬ್ರಿಗೂ ಕೊಟ್ಟಿದ್ದೀವಿ, ತಗೊಂಡಿದ್ದಕ್ಕೂ ಸಹಿ ಇದೆ." ಸೋಪಣ್ಣನ ಕಡೆ ತಿರುಗಿದರು. "ಏನಪ್ಪ, ಹತ್ತೊಂಬತ್ತು ಪುಸ್ತಕ ತಗೊಂಡಿದ್ದೀಯ. ಒಂದಾದ್ರೂ ಓದೋದಲ್ವಾ?"

ಸೋಪಣ್ಣ ಸ್ಟೂಲಿನಿಂದ ಕೈ ತೆಗೆದು ನೆಟ್ಟಗೆ ನಿಂತ.

"ನನಗೆ ಓದೋಕೆ ಬರಲ್ಲ."

ಟೈಪಿನ ಸದ್ದು ನಿಂತಿತು.

"ನನಗೆ ಓದೋಕೆ ಬರಲ್ಲ ಸಾರ್. ಹತ್ತೊಂಬತ್ತು ವರ್ಷದಿಂದ ಇವರು ಒಂದು ದಿನ ಪಾಠ ಮಾಡಿದ್ರೂ, ಒಂದು ಸಲ ಎಬ್ಬಿಸಿ ಒಂದು ಸಾಲು ಓದ್ಸಿದ್ರೂ ಅವರಿಗೆ ಇದು ಗೊತ್ತಾಗ್ತಿತ್ತು. ಗೊತ್ತಾಗಿಲ್ಲ. ಅದೇ ಸಾಕ್ಷಿ. ನನ್ನ ಭಾವಮೈದನಿಗೆ ಓದು ಬರುತ್ತೆ. ಅವನು ಕಲಿತ ಭಾಷೇಲಿ ಆ ಪುಸ್ತಕ ಇಲ್ಲ. ಅವನಿಗೆ ಅವತ್ತು ಗೊತ್ತಿದ್ದಿದ್ದು ಒಂದೇ. ಜನರಿಂದ ದೂರ ಒಯ್ಯಬೇಕು ಅಂತ. ಒಯ್ದ."

ಅಧಿಕಾರಿ ಮುಂದಿದ್ದ ಕನ್ನಡದ ನಿಯಮ ಪುಸ್ತಕವೊಂದನ್ನು ತೆರೆದು ಮೇಜಿನ ಈ ಕಡೆಗೆ ತಳ್ಳಿದ. "ಓದಿ."

"ಬರಲ್ಲ ಅಂದ್ನಲ್ಲ ಸಾರ್."

"ದಾಖಲೆಗೆ ಬೇಕು. ಪ್ರಯತ್ನ ಮಾಡಿ."

ಸೋಪಣ್ಣ ಬಗ್ಗಿದ. ಮುನ್ನೂರು ಸಿಲಿಂಡರಿಗೆ ಬಗ್ಗಿದಾಗ ಆಗದ ನೋವು ಆ ಹಾಳೆಗೆ ಬಗ್ಗಿದಾಗ ಆಯಿತು. ಮಂಡಿ ಮಡಿಸಿ ಕೂತ ಹೆಂಗಸರು, ಚಿಲಕಗಳು, ಸಾಲುಸಾಲಾಗಿ. ಯಾರೋ ಕೆಮ್ಮಿದರು. ಸೂಪರ್‌ವೈಸರ್ ಮೆಲ್ಲಗೆ, "ನಮ್ಮನ್ನೇ ಬೋಳಿಸಿದಾನೆ ಇಷ್ಟು ವರ್ಷ" ಎಂದ. ಕೆಲವರು ನಕ್ಕರು. ಟೈಪಿನ ಹೆಂಗಸು ನಗಲಿಲ್ಲ. ಎದ್ದು ಬಂದು ಪುಸ್ತಕ ಮುಚ್ಚಿ, "ದಾಖಲಾಯ್ತು ಸಾರ್" ಎಂದಳು. ಅಧಿಕಾರಿ ಕೇಳುವ ಮೊದಲೇ.

ಆದೇಶ ಹನ್ನೆರಡನೆಯ ದಿನ ಅಂಚೆಯಲ್ಲಿ ಬಂತು.

ಹೆಂಡತಿ ಹೊಸ್ತಿಲಲ್ಲಿ ಕೂತು ಗಟ್ಟಿಯಾಗಿ ಓದಿದಳು. ಅಕ್ಷರ ಬಾರದಿದ್ದರೂ ಸದರಿ ಚಾಲಕನು ಮೋಸದಿಂದ ಮೊಹರು ಪಡೆದಿರುವುದರಿಂದ ಅವನ ಲೈಸೆನ್ಸನ್ನು ರದ್ದು ಮಾಡಲಾಗಿದೆ. ಇಂಥವನ ಹೇಳಿಕೆ ನಂಬಲರ್ಹವಲ್ಲ. ತರಬೇತಿ ನಡೆದಿದೆ ಎಂಬುದು ಇತರ ಮೂವರ ಹೇಳಿಕೆಯಿಂದ ಸಾಬೀತಾಗಿದೆ. ಗಾಯಗೊಂಡ ಚಾಲಕನ ಮೇಲಿನ ಮೊಕದ್ದಮೆ ಮುಂದುವರಿಯತಕ್ಕದ್ದು.

ಅವಳು ಹಾಳೆ ಮಡಿಸತೊಡಗಿದಳು.

ಸೋಪಣ್ಣ ಬೋರ್ಡು ಬರೆಯುವವನ ಮಗ. ಸಾಲು ಎಷ್ಟಿದೆ, ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಅವನ ಕಣ್ಣಿಗೆ ಗೊತ್ತಾಗುತ್ತಿತ್ತು. ಅವಳ ಬೆರಳು ಜಿಗಿದದ್ದನ್ನು ಅವನು ನೋಡಿದ್ದ.

"ಎರಡು ಸಾಲು ಬಿಟ್ಟೆ."

"ಏನೂ ಬಿಟ್ಟಿಲ್ಲ."

"ಓದು."

ಅವಳು ಮಡಿಕೆ ಬಿಚ್ಚಿದಳು. ಈ ಸಲ ದನಿ ಗಟ್ಟಿಯಿರಲಿಲ್ಲ. "ಲಾರಿಯ ಹಲಗೆಯ ಮೇಲೆ ತಪ್ಪು ನಂಬರು ಇದ್ದದ್ದು ಅದನ್ನು ಬರೆದ ಈ ಅನಕ್ಷರಸ್ಥನ ಪ್ರಮಾದ. ಸಂಸ್ಥೆಯ ಲೋಪವೇನೂ ಕಂಡುಬಂದಿಲ್ಲ."

ಒಳಗೆ ಮಂಚ ಕಿರ್ರೆಂದಿತು. "ಭಾವ" ಎಂದ ಭಾವಮೈದ.

ಹೆಂಡತಿ ಕಾಗದವನ್ನು ಕಿಟಕಿಯ ಸರಳಿನ ಹಿಂದೆ ಸಿಕ್ಕಿಸಿದಳು. ಔಷಧಿ ಚೀಟಿಗಳ ಜೊತೆ.

ಮಧ್ಯಾಹ್ನ ಸೋಪಣ್ಣ ಗೋದಾಮಿಗೆ ಹೋದ. ಬಾಟಲಿ, ಬ್ರಷ್ಷು ಅಲ್ಲೇ ಇದ್ದವು. ಅವನ ಲಾರಿಗೆ ಹೊಸ ಡ್ರೈವರು ಬಂದಿದ್ದ. ಕನ್ನಡಕ ಹಾಕಿದ್ದ. ಸೀಟಿನಲ್ಲಿ ಕೂತು ಪೇಪರು ಓದುತ್ತಿದ್ದ. ಒಳ್ಳೆಯವನೇ. ಬಾಟಲಿಯನ್ನು ಕೊಡುತ್ತ, "ಇದರಲ್ಲಿ ಏನು ಮಾಡ್ತಿದ್ರಿ ಅಣ್ಣ? ನನಗೂ ತೋರ್ಸಿ" ಎಂದ. ಸೋಪಣ್ಣ ಬ್ರಷ್ಷು ಅದ್ದುವಷ್ಟರಲ್ಲಿ ಸೂಪರ್‌ವೈಸರ್ ಆಫೀಸಿನಿಂದ ಕೂಗಿದ, "ಲೋಡಿಂಗ್ ಚೀಟಿಗೆ ಸಹಿ ಹಾಕು ಬಾರಯ್ಯ, ಬಂದ ದಿನವೇ ಹರಟೆನಾ." ಕನ್ನಡಕದವನು ಇಳಿದು ಹೋದ.

ಸೋಪಣ್ಣ ಲಾರಿಯ ಹಿಂದಕ್ಕೆ ಬಂದ. ಹಲಗೆ ಬಿಸಿಲಿಗೆ ಹೊಳೆಯುತ್ತಿತ್ತು. ಅವನದೇ ಕೆಂಪು, ಅವನದೇ ಬಿಳಿ. ಜೇಬಿನಿಂದ ಮನೆಯ ಬೀಗದ ಕೈ ತೆಗೆದ. ಮೊದಲ ಅಂಕಿಯಿಂದ ಕೆರೆಯತೊಡಗಿದ. ತಗಡು ಕಿರುಚಿತು. ಬಣ್ಣದ ಪದರದ ಕೆಳಗೆ ಪದರ, ಎಲ್ಲ ಅವನು ಹಚ್ಚಿದ್ದೇ, ಅಷ್ಟು ಸುಲಭಕ್ಕೆ ಬಿಡಲಿಲ್ಲ. ಬೆರಳು ಸುಲಿಯಿತು. ಗೇಟಿನ ಕಾವಲಿನ ಮುದುಕ ಸದ್ದು ಕೇಳಿ ತಲೆ ಎತ್ತಿದ. ನೋಡಿದ. ತನ್ನ ಕುರ್ಚಿಯನ್ನು ಎತ್ತಿ, ರಸ್ತೆಯ ಕಡೆ ತಿರುಗಿಸಿಕೊಂಡು, ಬೆನ್ನು ಹಾಕಿ ಕೂತ.

ಕೊನೆಯ ಎರಡು ಏಳು ಹೋಗುವ ತನಕ ಸೋಪಣ್ಣ ಕೆರೆದ. ಆಮೇಲೆ ಬಾಟಲಿ ಎತ್ತಿಕೊಂಡು ಹೊರಬಿದ್ದ. ಗೇಟಿನಲ್ಲಿ ಮುದುಕ ತಿರುಗದೆಯೇ, "ನೀರು ಕುಡಿದು ಹೋಗು" ಎಂದ.

ಒಂಬತ್ತು ದಿನ ಕಳೆದ ಮೇಲೆ ಅವನು ಒಂದು ಕಟ್ಟಡದ ಮುಂದೆ ಕಲ್ಲು ಹೊರುತ್ತಿದ್ದ. ಆ ಕೆಲಸಕ್ಕೆ ಯಾರೂ ಮೊಹರು ಕೇಳಿರಲಿಲ್ಲ. ಹೆಗಲಿಗೆ ಹಾಸಿಕೊಂಡದ್ದು ಭಾವಮೈದನ ಅಂಗಿ; ಅವನಿಗೆ ಈಗ ತೋಳಿರುವ ಅಂಗಿ ಹಾಕಲು ಆಗುತ್ತಿರಲಿಲ್ಲ. ಲಾರಿ ಬರುವ ಸದ್ದಿಗೇ ಯಾವುದೆಂದು ಗೊತ್ತಾಯಿತು. ಕನ್ನಡಕದವನು ಗುರುತು ಹಿಡಿದು ಕೈ ಎತ್ತಿದ. ಲಾರಿ ಮುಂದೆ ಹೋಯಿತು. ಹಿಂದಿನ ಹಲಗೆ ಕಣ್ಣಿಗೆ ಬಿತ್ತು.

ಹೊಸದಾಗಿ ಬರೆಸಿದ್ದರು. ಬೇರೆ ಕೈ. ಗೆರೆ ಸೊಟ್ಟ, ಬಣ್ಣ ಕೆಳಗೆ ಇಳಿದಿತ್ತು. ಪಕ್ಕದ ಲಾರಿಯ ಹಲಗೆ ನೋಡಿಕೊಂಡು ಬರೆದಿದ್ದ. ಕೊನೆಗೆ ಎರಡು ಏಳು.

ಬರೆದವನಿಗೆ ಓದಲು ಬರುತ್ತಿತ್ತು.

ಸೋಪಣ್ಣ ಕಲ್ಲು ಹೊತ್ತುಕೊಂಡೇ ನೋಡುತ್ತ ನಿಂತ. ಲಾರಿ ಪೇಟೆಯ ಕಡೆಗೆ ತಿರುಗಿತು. ಮುನ್ನೂರ ಆರು ಸಿಲಿಂಡರು. ಒಂದಕ್ಕೂ ನೊರೆ ಹಚ್ಚಿರಲಿಲ್ಲ.